ಪಶುಪತಿಯ ಬಾಗಿಲಲ್ಲಿ ನಿಂತ ಅಪ್ಪ

ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ವಿಮಾನವನ್ನು ತಲೆಯೆತ್ತಿ ನೋಡಿದ್ದೇನೆಯೇ ಹೊರತು ಹತ್ತಿರದಿಂದ ಕಂಡವಳಲ್ಲ. ಈ ಎಂಬತ್ತೆಂಟರ ದಸರಾ ರಜೆಯಲ್ಲಿ ವಿದೇಶಕ್ಕೆ ಹೋಗಿ ಬಂದೆ ಅಂದಾಗ ಹೊನ್ನಾಳಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಡ್ರಿಲ್ ಮೇಷ್ಟ್ರಂತೂ, "ನೇಪಾಳನೂ ಒಂದು ಫಾರಿನ್ನೇನ್ರೀ ರತ್ನಮ್ಮ ಮೇಡಂ? ಅಲ್ಲಿಗೆ ಹೋಗಾಕೆ ಬಸ್ ಟಿಕೆಟ್ ಸಾಕಂತೆ," ಎಂದರು. ಸಾಕು, ನಿಜ. ಆದರೆ ಅಲ್ಲಿ ರಾಜ ಇದ್ದಾನೆ, ನೋಟು ಬೇರೆ, ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಕಾನೂನೂ ಬೇರೆ. ಅದು ಎಷ್ಟು ಬೇರೆ ಎಂಬುದನ್ನು ತಿಳಿದು ಬಂದದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರಟವರು ಮೂವರು. ಮೊದಲನೆಯವನು ನಮ್ಮಪ್ಪ ಹನುಮಂತಪ್ಪ. ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ರಸ್ತೆ ಗ್ಯಾಂಗಿನಲ್ಲಿ ಮೂವತ್ತು ವರ್ಷ ಜಲ್ಲಿ ಹೊತ್ತು, ಡಾಂಬರು ಕಾಯಿಸಿ, ಮೇಸ್ತ್ರಿಯಾಗಿ ನಿವೃತ್ತನಾದವನು. ಸಾಯುವುದರೊಳಗೆ ಬುದ್ಧ ಹುಟ್ಟಿದ ಊರು ನೋಡಬೇಕು ಎಂಬುದು ಅವನ ಆಸೆ. ಎರಡನೆಯವರು ಚನ್ನಗಿರಿಯ ಗಿರಿಜಮ್ಮ ಮೇಡಂ, ನಮ್ಮ ಶಾಲೆಯ ಕನ್ನಡ ಟೀಚರ್. ಐವತ್ತು ದಾಟಿದವರು, ಅಡಿಕೆ ವ್ಯಾಪಾರದ ಲಿಂಗಾಯತ ಮನೆತನದವರು. ಅವರಿಗೆ ಪಶುಪತಿನಾಥನ ದರ್ಶನ ಆಗಬೇಕಿತ್ತು. ಮೂರನೆಯವಳು ನಾನು, ಹಿಂದಿ ಟೀಚರ್. ಇಬ್ಬರಿಗೂ ನಾಲಿಗೆಯಾಗಿ ಹೋದವಳು.

ಒಂದು ಹಳೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಎಪ್ಪತ್ತೈದರ ಸುಮಾರಿಗೆ, ಅಪ್ಪ ಧರ್ಮ ಬದಲಿಸಿದ. ದಾವಣಗೆರೆಗೆ ಹೋಗಿ, ಬಿಳಿ ಅಂಗಿ ತೊಟ್ಟು, ಬುದ್ಧನಿಗೆ ಶರಣು ಎಂದು ಹೇಳಿ ಬಂದ. ಮರುವಾರ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ. ನನ್ನ ಶಾಲೆಯ ರಿಜಿಸ್ಟರಿನಲ್ಲೂ 'ಬೌದ್ಧ' ಎಂದು ಬರೆಸಿದ. ಅದರ ಫಲ ನನಗೆ ಸಿಕ್ಕಿದ್ದು ಕಾಲೇಜಿಗೆ ಸೇರಿದಾಗ. ನಮ್ಮ ಕೇರಿಯ ಹುಡುಗಿಯರಿಗೆ ಸಿಗುತ್ತಿದ್ದ ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು ನನಗಿಲ್ಲ ಎಂದರು. ಬೌದ್ಧರಾದವರಿಗೆ ಪರಿಶಿಷ್ಟ ಜಾತಿಯ ಆ ಸವಲತ್ತು ಇರಲಿಲ್ಲ. ಚಿತ್ರದುರ್ಗದಲ್ಲಿ ಯಾರದೋ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು, ಸಂಜೆ ಆ ಬೀದಿಯ ಮಕ್ಕಳಿಗೆ ಪಾಠ ಹೇಳಿ ನಾನು ಓದಿದೆ. ಆ ವರ್ಷಗಳಲ್ಲಿ ಅಪ್ಪನ ಜೊತೆ ನನಗೆ ಸರಿಯಾಗಿ ಮಾತಿರಲಿಲ್ಲ. ಆಮೇಲೆ ಕೆಲಸ ಸಿಕ್ಕಿತು, ಅವ್ವ ತೀರಿಕೊಂಡಳು, ಅಪ್ಪ ನನ್ನ ಜೊತೆ ಇರಲು ಹೊನ್ನಾಳಿಗೆ ಬಂದ. ಮಾತು ಮತ್ತೆ ಶುರುವಾಯಿತು. ಅದೊಂದು ವಿಷಯವನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಗಡಿ

ಗೋರಖಪುರದವರೆಗಿನ ರೈಲಿನ ಬಗ್ಗೆ ಬರೆಯುವಂಥದ್ದು ಒಂದೇ. ಗಿರಿಜಮ್ಮ ಮೇಡಂ ಎರಡೂ ಬೆಳಗ್ಗೆ ಬರ್ತಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದರು. ಇಡೀ ಬೋಗಿ ಉಸಿರು ಹಿಡಿದು ನೋಡಿತು. ಎದುರಿಗಿದ್ದ ಬಿಹಾರದ ಮುದುಕಿ, "ಇವರ ದೇವರು ಎಷ್ಟು ಅನುಕೂಲದವನು!" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅದನ್ನು ಕನ್ನಡಕ್ಕೆ ತಂದಾಗ ಮೇಡಂ ನಕ್ಕುಬಿಟ್ಟರು.

ಗಡಿಯ ಊರು ಸೊನೌಲಿಯಲ್ಲಿ ಅಪ್ಪನಿಗೆ ನಿರಾಸೆಯಾಯಿತು. ದೇಶದ ಗಡಿಯೆಂದರೆ ಗೋಡೆಯೋ ಕಂದಕವೋ ಇರುತ್ತದೆ ಎಂದುಕೊಂಡಿದ್ದ. ಅಲ್ಲಿದ್ದದ್ದು ಒಂದು ಕಮಾನು, ಕೆಳಗೆ ಸೈಕಲ್ ರಿಕ್ಷಾಗಳ ಸಾಲು, ಯಾರನ್ನೂ ಕೇಳದೆ ಆಚೆ ಈಚೆ ಓಡಾಡುತ್ತಿದ್ದ ಎಮ್ಮೆಗಳು.

"ಇದೇನವ್ವ, ಹರಿಹರದ ಸೇತುವೆ ದಾಟಿದಂಗೈತೆ," ಎಂದ. ಬಗ್ಗಿ ರಸ್ತೆಯ ಅಂಚನ್ನು ಕಾಲಿಂದ ಒತ್ತಿ ನೋಡಿದ. "ರಾಜನ ರಸ್ತೆ. ಆದ್ರೆ ಜಲ್ಲಿ ಕಡಿಮಿ ಹಾಕ್ಯಾರೆ."

ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಿ ಎಂದರೆ ಗಿರಿಜಮ್ಮ ಒಪ್ಪಲಿಲ್ಲ. "ನಂದು ಚನ್ನಗಿರಿ ಟೈಮು. ಯಾವ ರಾಜನಿಗಾಗಿಯೂ ಬದಲಾಗಂಗಿಲ್ಲ," ಎಂದರು. ಹಾಗಾಗಿ ನೇಪಾಳದಲ್ಲಿ ನಾವು ಹಿಡಿಯಬೇಕಿದ್ದ ಮೊದಲ ಬಸ್ಸೇ ತಪ್ಪಿತು. ಭೈರಹವಾ ಎಂಬ ಊರಿನ ಒಂದು ಲಾಡ್ಜಿನಲ್ಲಿ ಉಳಿದೆವು.

ಲಾಡ್ಜಿನ ಯಜಮಾನ ಥಾಪಾ, ನಮ್ಮ ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಗೂರ್ಖಾ. ಬೆಳಗಾವಿಯಲ್ಲಿ ಒಂದಷ್ಟು ದಿನ ಇದ್ದನಂತೆ. ಕರ್ನಾಟಕದವರು ಎಂದ ತಕ್ಷಣ "ಊಟ ಆಯ್ತೇನ್ರೀ?" ಎಂದು ಕೂಗಿದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಹಾಗಾಗಿ ನಾವಲ್ಲಿದ್ದಷ್ಟು ಕಾಲ, ಹಲ್ಲುಜ್ಜುವಾಗಲೂ, ಅದನ್ನೇ ಕೇಳುತ್ತಿದ್ದ.

ಅವನ ರಿಜಿಸ್ಟರಿನಲ್ಲಿ ಹೆಸರು, ಊರು, ದೇಶ, ಧರ್ಮ ಬರೆಯಬೇಕಿತ್ತು. ಅಪ್ಪನ ಹೆಸರು ಕೇಳಿ ತಾನಾಗಿಯೇ 'ಹಿಂದೂ' ಎಂದು ಗೀಚಿದ. ಅಪ್ಪನಿಗೆ ಹಿಂದಿ ಬಾರದಿದ್ದರೂ ಆ ಒಂದು ಪದದ ಆಕಾರ ಗೊತ್ತಿತ್ತು. ಬೆರಳಿಟ್ಟು, "ಇದಲ್ಲ. ಬೌದ್ಧ ಅಂತ ಬರೀರಿ," ಎಂದ.

"ಹನುಮಂತ ಅಂತ ಹೆಸರು, ಬೌದ್ಧ ಹೇಗೆ?" ಎಂದು ಥಾಪಾ ನನ್ನನ್ನು ಕೇಳಿದ.

"ಹೆಸರು ಅವ್ವ ಇಟ್ಟಿದ್ದು, ಅದನ್ನ ಬದಲಿಸಾಕೆ ಮನಸು ಬರಲಿಲ್ಲ. ಧರ್ಮ ಮಾತ್ರ ನಾನೇ ಬದಲಿಸಿದೆ ಅಂತ ಹೇಳವ್ವ," ಎಂದ ಅಪ್ಪ.

ನಾನು ಹೇಳಿದೆ. ಥಾಪಾ ಪೆನ್ನು ಕೆಳಗಿಟ್ಟ. ಹೊರಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ: "ಬದಲಿಸಿದರೇ? ಪೊಲೀಸರು ಏನು ಮಾಡಿದರು?"

ಆ ಪ್ರಶ್ನೆಯೇ ನಮಗೆ ಅರ್ಥವಾಗಲಿಲ್ಲ. ಅವನೇ ವಿವರಿಸಿದ. ಅಲ್ಲಿ ಬುದ್ಧನನ್ನು ಪೂಜಿಸಲು ಯಾರ ಅಡ್ಡಿಯೂ ಇಲ್ಲ. ಬೌದ್ಧರಾಗಿಯೇ ಹುಟ್ಟಿದವರು ಎಷ್ಟೋ ಜನ ಇದ್ದಾರೆ. ಆದರೆ ಹಿಂದೂವಾಗಿ ಹುಟ್ಟಿದವನು ನಾನು ಇನ್ನು ಹಿಂದೂ ಅಲ್ಲ ಎನ್ನುವಂತಿಲ್ಲ. ಅಂದರೆ ಕೇಸು, ಜೈಲು. ಅವನ ಚಿಕ್ಕಪ್ಪನ ಮಗನೊಬ್ಬ ಬೆಟ್ಟದ ಮೇಲಿನ ಊರಿನಲ್ಲಿ ಬೇರೆ ಪ್ರಾರ್ಥನೆಗೆ ಸೇರಿಕೊಂಡು, ಜೈಲಿಗೆ ಹೋಗಿ ಬಂದನಂತೆ.

ಅದನ್ನು ನಾನು ಕನ್ನಡದಲ್ಲಿ ಹೇಳಿದೆ. "ಬರೀ ಧರ್ಮ ಬದಲಿಸಿದ್ದಕ್ಕೆ ಜೈಲಾ?" ಎಂದು ಗಿರಿಜಮ್ಮ ಕೇಳಿದರು. ಥಾಪಾ 'ಹಿಂದೂ' ಎಂಬುದನ್ನು ಹೊಡೆದು ಹಾಕಿ, ಬಹಳ ನಿಧಾನವಾಗಿ, ದಪ್ಪ ಅಕ್ಷರದಲ್ಲಿ 'ಬೌದ್ಧ' ಎಂದು ಬರೆದ.

ಮರುದಿನ ವಿಜಯದಶಮಿ. ನಮ್ಮಲ್ಲಿ ಬನ್ನಿ ಹಂಚುವ ದಿನ. ಅಲ್ಲಿ ಹಿರಿಯರು ಕಿರಿಯರ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿ ಅಂಗೈಯಗಲ ಟೀಕಾ ಇಡುವ ದಿನ. ಥಾಪಾನ ತಂದೆ ತಾಯಿ ಇಲ್ಲ. ಅಣ್ಣ ಬರುತ್ತೇನೆಂದವನು ಬಂದಿರಲಿಲ್ಲ. ಮಕ್ಕಳು ಮೂವರೂ ಹೊಸ ಬಟ್ಟೆ ಹಾಕಿಕೊಂಡು ಬಾಗಿಲು ಕಾಯುತ್ತಿದ್ದವು. ಕಡೆಗೆ ಥಾಪಾ ನಮ್ಮ ಕೋಣೆಗೆ ಬಂದು, ಮನೆಯಲ್ಲಿರುವ ಹಿರಿಯ ತಲೆ ನಿಮ್ಮದೇ, ಮಕ್ಕಳಿಗೆ ಟೀಕಾ ಇಡಬೇಕು ಎಂದು ಅಪ್ಪನ ಮುಂದೆ ಕೈಮುಗಿದ.

ಅಪ್ಪ ನನ್ನ ಮುಖ ನೋಡಿದ. "ಮುಚ್ಚಿಡಬ್ಯಾಡ, ಹೇಳು. ನಾನು ಅವರ ಧರ್ಮದಾತ ಅಲ್ಲ. ಅದಕ್ಕೂ ಮುಂಚೆ ನಮ್ಮೂರಾಗೆ ನಮ್ಮನ್ನ ಯಾರೂ ಮುಟ್ಟುತ್ತಿರಲಿಲ್ಲ. ತಿಳಕಂಡು ಕೇಳ್ರಿ ಅನ್ನು."

ಹೇಳಿದೆ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಥಾಪಾನ ಹೆಂಡತಿಯ ಕೈ ಒಂದು ಗಳಿಗೆ ಹಿಂದೆ ಸರಿಯಿತು. ಅದನ್ನು ನಾನು ನೋಡಿದೆ, ಅಪ್ಪನೂ ನೋಡಿದ. ಥಾಪಾ ಅವಳ ಕಡೆ ತಿರುಗಲೂ ಇಲ್ಲ. "ಪಲ್ಟನ್ನಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವನು ನಾನು. ಹಿರಿಯರ ಕೈ ಅಂದರೆ ಕೈ," ಎಂದ. ಆಮೇಲೆ ತಟ್ಟೆಯನ್ನು ಅಪ್ಪನ ಮುಂದೆ ಇಟ್ಟವಳು ಆ ಹೆಣ್ಣುಮಗಳೇ. ಮೊದಲು ತಲೆಬಾಗಿಸಿದವಳೂ ಅವಳೇ.

ಅಪ್ಪನಿಗೆ ಮಂತ್ರ ಗೊತ್ತಿಲ್ಲ. ಒಬ್ಬೊಬ್ಬರ ಹಣೆಗೂ ಟೀಕಾ ಒತ್ತುತ್ತಾ ತನಗೆ ತೋಚಿದ್ದನ್ನು ಕನ್ನಡದಲ್ಲೇ ಹೇಳಿದ: "ಚೆಂದಾಗಿ ಓದ್ರಿ. ಸುಳ್ಳು ಹೇಳಬ್ಯಾಡ್ರಿ. ಅಪ್ಪ ಅವ್ವನ್ನ ನೋಡ್ಕಳ್ರಿ." ಮಕ್ಕಳು ಅದೇ ಮಂತ್ರವೆಂದು ಕಣ್ಣು ಮುಚ್ಚಿ ಕೇಳಿದವು. ಘಟದಲ್ಲಿ ಬೆಳೆಸಿದ ಹಳದಿ ಸಸಿಗಳನ್ನು ಅಪ್ಪನ ಕಿವಿಗೆ ಸಿಕ್ಕಿಸಿದರು. ಅದನ್ನು ತೆಗೆಯದೆ ಅವನು ಇಡೀ ಭೈರಹವಾ ಸುತ್ತಿ, ರಸ್ತೆಗಳನ್ನೆಲ್ಲ ನೋಡಿ ಬಂದ.

ಲುಂಬಿನಿ

ಲುಂಬಿನಿಯಲ್ಲಿ ಅಪ್ಪ ಅಳುತ್ತಾನೆ ಎಂದುಕೊಂಡಿದ್ದೆ. ಅಳಲಿಲ್ಲ. ಬಯಲು, ಗದ್ದೆ, ಒಂದು ಬಿಳಿಯ ಸಣ್ಣ ಗುಡಿ, ದೊಡ್ಡ ಅರಳಿಮರ, ಒಂದು ಕೊಳ. ಅಷ್ಟೇ. ಸಮುದ್ರದಂಥ ಸೂಳೆಕೆರೆಯ ಪಕ್ಕದಲ್ಲಿ ಬೆಳೆದ ಗಿರಿಜಮ್ಮನವರು ಕೊಳವನ್ನು ನೋಡಿ, "ಇಷ್ಟೇನಾ?" ಎಂದರು. ಆಮೇಲೆ ನಾಲಿಗೆ ಕಚ್ಚಿಕೊಂಡು, ಅದೇ ಕೊಳದ ಮೆಟ್ಟಿಲ ಮೇಲೆ ಕುಳಿತು ಅವತ್ತಿನ ಲಿಂಗಪೂಜೆ ಮುಗಿಸಿದರು. ಕೇಸರಿ ಬಟ್ಟೆಯ ಭಿಕ್ಷುವೊಬ್ಬರು ಅದೇ ದಾರಿಯಲ್ಲಿ ಬಂದರು. ಮೇಡಂ ಧ್ಯಾನದ ಮೇಲೆ ತಮ್ಮ ನೆರಳು ಬೀಳಬಾರದೆಂದು ಸುತ್ತು ಹಾಕಿಕೊಂಡು ಹೋದರು. ಗುಡಿಯೊಳಗೆ ಬುದ್ಧನ ತಾಯಿಯ ಮೂರ್ತಿಗೆ ಅಕ್ಕಪಕ್ಕದ ಹಳ್ಳಿಯ ಹೆಂಗಸರು ತಮ್ಮ ಊರಮ್ಮನಿಗೆ ಮಾಡುವ ಹಾಗೆ ಸಿಂದೂರ ಬಳಿದು ಮಕ್ಕಳಿಗಾಗಿ ಬೇಡಿಕೊಳ್ಳುತ್ತಿದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಅಪ್ಪ ಹೋಗಿ ನಿಂತದ್ದು ಅಶೋಕನ ಕಂಬದ ಮುಂದೆ. ಬಹಳ ಹೊತ್ತು ನಿಂತ. ಆಮೇಲೆ ನನ್ನನ್ನು ಕೂಗಿ ಕರೆದ, ಇಡೀ ಬಯಲಿಗೆ ಕೇಳುವ ಹಾಗೆ.

"ರತ್ನಾ! ಇದು ನಮ್ಮೂರ ಕಡೀ ಅಕ್ಷರ!"

ಮೊಳಕಾಲ್ಮೂರಿನ ಕಡೆ ಬ್ರಹ್ಮಗಿರಿಯ ಬುಡದಲ್ಲಿ ಅವನ ಗ್ಯಾಂಗು ರಸ್ತೆ ಮಾಡುವಾಗ, ಊಟದ ಹೊತ್ತಿನಲ್ಲಿ ಒಂದು ಬಂಡೆಯ ನೆರಳಿಗೆ ಹೋಗಿ ಕೂರುತ್ತಿದ್ದರಂತೆ. ಆ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಬರಹವಿದೆ. ಓದಲು ಬರದಿದ್ದರೂ ತಿಂಗಳುಗಟ್ಟಲೆ ನೋಡಿದ ಅಕ್ಷರ. ಈಗ ಅದೇ ಅಕ್ಷರ ಇಲ್ಲಿ, ಇನ್ನೊಂದು ದೇಶದ ಕಂಬದ ಮೇಲೆ. ಒಂದೊಂದನ್ನೇ ಬೆರಳಿಟ್ಟು ತೋರಿಸಿದ. "ಇದು ಅಲ್ಲೂ ಐತೆ. ಇದೂ ಐತೆ. ಕೊಡೆಯಂಗಿರೋದು ನೋಡು, ಅದಂತೂ ನಾಲ್ಕು ಕಡೆ ಐತೆ."

ನಮ್ಮನ್ನು ಹಾದುಹೋಗುತ್ತಿದ್ದ ಜಪಾನಿನ ಯಾತ್ರಿಕರು ನಿಂತು ಕೇಳಿದರು. ನಾನು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮೂರಿನ ಹತ್ತಿರವೂ ಇದೇ ರಾಜನ ಬರಹವಿದೆ, ನಮ್ಮಪ್ಪ ಅಲ್ಲಿಗೆ ರಸ್ತೆ ಮಾಡಿದವನು. ಅವರೆಲ್ಲ ಸಾಲಾಗಿ ಅಪ್ಪನಿಗೆ ನಡುಬಗ್ಗಿಸಿ ನಮಸ್ಕಾರ ಮಾಡಿದರು. ಅಪ್ಪನೂ ಬಗ್ಗಿದ. ಅವರು ಮತ್ತೆ ಬಗ್ಗಿದರು. ಯಾರು ಮೊದಲು ನಿಲ್ಲಿಸಬೇಕೆಂದು ತಿಳಿಯದೆ ಇದು ಸ್ವಲ್ಪ ಹೊತ್ತು ನಡೆಯಿತು.

ಕುಸಿದ ರಸ್ತೆ

ಕಠ್ಮಂಡುವಿನ ಬಸ್ಸಿನಲ್ಲಿ ಹಬ್ಬಕ್ಕೆ ಹೋಗಿ ಬರುವವರು ಕಿಕ್ಕಿರಿದಿದ್ದರು. ಎಲ್ಲರ ಹಣೆಯ ಮೇಲೂ ಒಣಗಿದ ಅಕ್ಕಿ. ಬಸ್ಸಿನ ಮೇಲೆ ಕುಳಿತವರು ಹಾಡುತ್ತಿದ್ದರು. ನ್ಯಾಮತಿ ಹತ್ತಿರದ ಸೂರಗೊಂಡನಕೊಪ್ಪದ ಜಾತ್ರೆಗೆ ಹೋಗುವ ಲಂಬಾಣಿಗಳ ಲಾರಿಗಳಲ್ಲಿ ಇಂಥದೇ ಹಾಡು, ಇಂಥದೇ ನೂಕುನುಗ್ಗಲು. ಭಾಷೆ ಬಾರದ ಗಿರಿಜಮ್ಮ ತಾಳ ಹಾಕಿದರು.

ಅರ್ಧ ದಾರಿಯಲ್ಲಿ ಬೆಟ್ಟ ಕುಸಿದು ರಸ್ತೆ ಮುಚ್ಚಿತ್ತು. ಕೆಳಗೆ ತ್ರಿಶೂಲಿ ನದಿ ಮೊರೆಯುತ್ತಿತ್ತು. ಹತ್ತು ಹನ್ನೆರಡು ಕೂಲಿಗಳು ಕಲ್ಲು ತೆಗೆಯುತ್ತಿದ್ದರು. ಅಪ್ಪ ಐದು ನಿಮಿಷ ನೋಡಿದ, ಆಮೇಲೆ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟ. ಕೆಳಗಿನ ಕಲ್ಲು ಮೊದಲು ತೆಗೆದರೆ ಮೇಲಿನದು ಜಾರುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿದ. ಮೇಲಿಂದ ಬಿಡಿಸಿ, ದೊಡ್ಡ ಕಲ್ಲುಗಳನ್ನು ನದಿಯ ಕಡೆಗೆ ಅಂಚುಗಟ್ಟಿ ಇಡಿಸಿದ. ಅಲ್ಲಿನ ಮೇಸ್ತ್ರಿ ಮೊದಲು ಗೊಣಗಿದವನು ಕಡೆಗೆ ತನ್ನ ಬೀಡಿಯನ್ನೇ ಕೊಟ್ಟ. ಮೂರು ಗಂಟೆಯಲ್ಲಿ ಬಸ್ಸು ದಾಟಿತು. ಕೆಸರು ಮೆತ್ತಿಕೊಂಡು ಮೇಲೆ ಬಂದವನಿಗೆ ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಅಪ್ಪ ಯಾರ ಕಡೆಗೂ ನೋಡದೆ ತನ್ನ ಸೀಟಿನಲ್ಲಿ ಕುಳಿತ. ಅವನ ಮೂಗು ಮಾತ್ರ ಸ್ವಲ್ಪ ಮೇಲಿತ್ತು.

ಪಶುಪತಿ

ಬಾಗ್ಮತಿ ನದಿಯ ದಂಡೆಯ ಮೇಲೆ ಪಶುಪತಿನಾಥನ ಗುಡಿ. ಗಿರಿಜಮ್ಮ ನಸುಕಿನಲ್ಲೇ ಎದ್ದು, ಇದಕ್ಕೆಂದೇ ತಂದಿದ್ದ ಇಳಕಲ್ ಸೀರೆ ಉಟ್ಟು, ವಿಭೂತಿ ಧರಿಸಿ ಸಿದ್ಧರಾಗಿದ್ದರು. ದಾರಿಯುದ್ದಕ್ಕೂ ಜಪ ಮಾಡುತ್ತಿದ್ದರು. ಅವರ ತುಟಿ ಮಾತ್ರ ಅಲುಗುತ್ತಿತ್ತು.

ದೊಡ್ಡ ಬಾಗಿಲು. ಪಕ್ಕದಲ್ಲಿ ಬೋರ್ಡು: ಹಿಂದೂಗಳಿಗೆ ಮಾತ್ರ ಪ್ರವೇಶ. ಓದಿ ಹೇಳು ಎಂದು ಅಪ್ಪ ಕೇಳಿದ. ಹೇಳಿದೆ. ಅವನು ಮೆಟ್ಟಿಲಿಂದ ಕಾಲು ಹಿಂದೆ ತೆಗೆದ.

ಕಾವಲುಗಾರ ನಮ್ಮನ್ನು ನೋಡಿ, "ಬನ್ನಿ ಬನ್ನಿ, ಇಂಡಿಯಾದವರಿಗೆ ತೊಂದರೆ ಇಲ್ಲ," ಎಂದ. ಬೋರ್ಡು ಬಿಳಿಯರಿಗಷ್ಟೇ ಎಂಬಂತೆ ಕೈಯಾಡಿಸಿದ.

"ನಾನು ಬೌದ್ಧ. ಬೌದ್ಧನಾಗೇ ಒಳಗೆ ಬರಬಹುದಾ ಅಂತ ಕೇಳವ್ವ," ಎಂದ ಅಪ್ಪ.

ಕೇಳಿದೆ. ಕಾವಲುಗಾರ ಒಳ್ಳೆಯ ಮನುಷ್ಯ, ಜಗಳಗಂಟನಲ್ಲ. ನಗುತ್ತಲೇ ಹೇಳಿದ: "ಬುದ್ಧನೂ ವಿಷ್ಣುವಿನ ಅವತಾರವೇ ಬಾಬಾ. ಎಲ್ಲ ಒಂದೇ. ನೀವೂ ಹಿಂದೂವೇ. ಬನ್ನಿ."

ಎದುರಿಗೆ ಗುಡಿಯ ಬಾಗಿಲು ಪೂರ್ತಿ ತೆರೆದಿತ್ತು. ಬಿಳಿಚೋಡಿನಲ್ಲಿ ಅರವತ್ತು ವರ್ಷ ಯಾವ ಗುಡಿಯ ಹೊಸ್ತಿಲನ್ನೂ ತುಳಿಯದವನಿಗೆ, ಇಷ್ಟು ದೊಡ್ಡ ಗುಡಿಯ ಕಾವಲುಗಾರ ಬಾ ಎಂದು ಕರೆಯುತ್ತಿದ್ದ.

"ಅವರಿಗೆ ಕೈಮುಗಿದು ಹೇಳು. ನಾನು ಏನು ಅಂತ ನಾನೇ ಹೇಳಬೇಕು, ಅವರು ಹೇಳಬಾರದು. ಹಂಗಾಗಿ ನಾನು ಹೊರಗೇ ಇರ್ತೀನಿ."

ಗಿರಿಜಮ್ಮನವರ ಮುಖ ಕೆಂಪಾಯಿತು. "ಹಂಗಾದ್ರೆ ನಾನೂ ಹೋಗಂಗಿಲ್ಲ ಹನುಮಂತಪ್ಪನವರೇ. ನಿಮ್ಮನ್ನ ಹೊರಗೆ ನಿಲ್ಸಿ ನನಗೆಂಥ ದರ್ಶನ?"

"ಯಾರೂ ನಿಲ್ಸಿಲ್ರಿ ಟೀಚರ್ರೇ, ನಾನೇ ನಿಂತಿದ್ದು. ಎರಡಕ್ಕೂ ಬಾಳ ಫರಕೈತೆ. ನಿಮ್ಮ ದೇವ್ರಿಗೂ ನನಗೂ ಜಗಳ ಇಲ್ಲ. ನೀವು ಹೋಗ್ಬರ್ರಿ. ಎಲ್ಲಾ ಚೆಂದಾಗಿ ನೋಡ್ಕಂಡು ಬಂದು ನನಗೆ ಹೇಳ್ರಿ."

ನನ್ನ ಕಡೆ ತಿರುಗಿ, "ನಿನ್ನಿಷ್ಟ," ಎಂದ.

ನಾನು ಹೋಗಲಿಲ್ಲ. ಅಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತೆ.

ಒಂದು ಗಂಟೆಯಾದ ಮೇಲೆ ಗಿರಿಜಮ್ಮ ಹೊರಬಂದಾಗ ಅವರ ಕಣ್ಣು ತುಂಬಿತ್ತು. ನಾಲ್ಕು ಮುಖದ ಲಿಂಗ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಕರ್ನಾಟಕದ ಕಡೆಯಿಂದಲೇ ಬಂದ ಭಟ್ಟರು ಪೂಜೆ ಮಾಡುವುದು, ಕನ್ನಡದಲ್ಲಿ ಮಾತಾಡಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅಪ್ಪ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದ: ಲಿಂಗ ಎಷ್ಟು ಎತ್ತರ, ಕಲ್ಲು ಯಾವುದು, ನೆಲಕ್ಕೆ ಏನು ಹಾಸಿದ್ದಾರೆ. ಅವರ ಸಂತೋಷದಲ್ಲಿ ಒಂದು ಹನಿಯನ್ನೂ ಅವನು ಚೆಲ್ಲಗೊಡಲಿಲ್ಲ. ಪ್ರಸಾದ ಕೊಟ್ಟಾಗ ಎರಡೂ ಕೈಯಲ್ಲಿ ತೆಗೆದುಕೊಂಡು ತಿಂದ. "ನೀವು ಕೊಟ್ಟಿದ್ದಲ್ವಾ?" ಎಂದ.

ವಾಪಸ್ ನಡೆಯುವಾಗ ನನ್ನನ್ನು ಕೇಳಿದ: "ನೀನ್ಯಾಕೆ ಹೋಗಲಿಲ್ಲ?"

"ನೀನು ಹೊರಗಿದ್ದೆಯಲ್ಲ," ಎಂದೆ.

ಅವತ್ತು ಮಧ್ಯಾಹ್ನ ಅಪ್ಪ ಯಾವ ರಸ್ತೆಯ ಬಗ್ಗೆಯೂ ಏನೂ ಹೇಳಲಿಲ್ಲ.

ಪಾಟಣ, ಶನಿವಾರ

ನೇಪಾಳದಲ್ಲಿ ವಾರದ ರಜೆ ಶನಿವಾರ. ಭಾನುವಾರ ಮಕ್ಕಳು ಶಾಲೆಗೆ ಹೋಗುತ್ತವೆ. "ಪಾಪ ಕಣಮ್ಮ," ಎಂದರು ಗಿರಿಜಮ್ಮ, ಟೀಚರ್‌ಗಳ ಬಗ್ಗೆ. ಶನಿವಾರ ಬೆಳಿಗ್ಗೆ ಕಠ್ಮಂಡುವಿಗೆ ಅಂಟಿಕೊಂಡ ಪಾಟಣದ ಒಂದು ಗಲ್ಲಿಯಲ್ಲಿರುವ ಸಣ್ಣ ಬೌದ್ಧ ವಿಹಾರದಲ್ಲಿ ಹೆಂಗಸರು ಸೇರುತ್ತಾರೆ, ಅಲ್ಲಿ ಹಿಂದಿ ಬಲ್ಲ ಹಿರಿಯ ಸನ್ಯಾಸಿನಿ ಇದ್ದಾರೆ ಎಂದು ನಾವಿಳಿದಿದ್ದ ಕಡೆ ಹೇಳಿದ್ದರು. ಹೋದೆವು.

ಅವರನ್ನು ಎಲ್ಲರೂ ಗುರುಮಾ ಎನ್ನುತ್ತಿದ್ದರು. ಎಪ್ಪತ್ತು ದಾಟಿದ, ಗುಬ್ಬಿಯಂಥ ಹೆಂಗಸು. ಬೋಳಿಸಿದ ತಲೆ, ಗುಲಾಬಿ ಬಣ್ಣದ ಬಟ್ಟೆ. ಚಿಕ್ಕ ವಯಸ್ಸಿನಲ್ಲಿ ವಿಧವೆಯಾಗಿ, ತಲೆ ಬೋಳಿಸಿಕೊಂಡು ಭಿಕ್ಷೆಗೆ ಹೊರಟಾಗ ಆಗಿನ ಆಳುವವರ ಸಿಪಾಯಿಗಳು ಹಿಡಿದು ಊರಿಂದ ಹೊರಹಾಕಿದರಂತೆ. ಬೆಟ್ಟ ಇಳಿದು ನಡೆದುಕೊಂಡೇ ನಮ್ಮ ದೇಶಕ್ಕೆ ಬಂದು ಕುಶಿನಗರದಲ್ಲಿ ವರ್ಷಗಟ್ಟಲೆ ಇದ್ದರಂತೆ.

"ತಲೆಗೆ ಬಟ್ಟೆ ಹಾಕಿಕೊಳ್ಳದೆ, ಯಾರಿಗೂ ಹೆದರದೆ ನಾನು ಮೊದಲು ನಡೆದ ಬೀದಿ ನಿಮ್ಮ ದೇಶದ್ದು," ಎಂದು ನನ್ನ ಕೈ ಹಿಡಿದುಕೊಂಡರು. ಶಾಲೆಯಲ್ಲಿ ಎಷ್ಟು ಸಲ ಧ್ವಜಕ್ಕೆ ವಂದನೆ ಮಾಡಿದ್ದೇನೋ, ನನ್ನ ದೇಶದ ಬಗ್ಗೆ ಹೆಮ್ಮೆ ಎನಿಸಿದ್ದು ಮಾತ್ರ ಅವತ್ತೇ ಮೊದಲು.

ಅಪ್ಪ ತಾನಾಗಿ ಬೌದ್ಧನಾದವನು ಎಂದು ತಿಳಿದಾಗ ಅವರು ಅವನನ್ನು ಹೆಂಗಸರ ಮುಂದೆ ಕೂರಿಸಿ, ಹೇಳಿ ಎಂದರು. ನಲವತ್ತು ಮಂದಿ ಇದ್ದರು. ಅಪ್ಪ ಕನ್ನಡದಲ್ಲಿ, ನಾನು ಹಿಂದಿಯಲ್ಲಿ, ಗುರುಮಾ ಅವರ ನೇವಾರಿ ಭಾಷೆಯಲ್ಲಿ. ಒಂದು ಮಾತು ಮೂರು ಸಲ ಹುಟ್ಟಬೇಕಿತ್ತು.

"ನಾನು ಹನುಮಂತಪ್ಪ, ರಸ್ತೆ ಕೆಲಸದಾತ. ನಮ್ಮೂರ ಮಾರಮ್ಮನ ಗುಡಿ ಮುಂದೆ ಹದಿನೈದು ವರ್ಷ ತಮಟೆ ಬಡಿದೆ. ಗುಡಿ ಒಳಗೆ ಏನೈತೆ ಅಂತ ನೋಡಿರಲಿಲ್ಲ. ನೋಡದೇ ಇರೋದಕ್ಕೆ ಯಾಕೆ ಬಡೀಬೇಕು ಅಂತ ಒಂದಿನ ಅನ್ನಿಸ್ತು. ಬಿಟ್ಟೆ."

ಹೆಂಗಸರು ಮುಂದಕ್ಕೆ ಸರಿದರು.

"ಅರ್ಜಿ ಬರಕೊಂಡು ತಾಲ್ಲೂಕಾಫೀಸಿಗೆ ಹೋದೆ. ಅಲ್ಲಿ ಗುಮಾಸ್ತರು ಒಬ್ಬ ಸಾಬರು. ಎರಡು ಸಾರಿ ಓದಿ, ಯೋಚನೆ ಮಾಡಿದೀಯೇನಪ್ಪ ಅಂದ್ರು. ಹೂಂ ಅಂದೆ. ಇದು ನಿನ್ನ ಹಕ್ಕು, ನಾನು ತಡೆಯಾಕೆ ಬರಲ್ಲ ಅಂದು ಸೀಲ್ ಹೊಡೆದು, ಚಾ ತರಿಸಿ ಕುಡಿಸಿದ್ರು."

"ಪೊಲೀಸರು?" ಎಂದಳು ಒಬ್ಬಳು.

"ಯಾರೂ ಬರಲಿಲ್ಲ. ನಮ್ಮ ದೇಶದಾಗೆ ಬರೆದಿಟ್ಟಾರೆ. ಯಾರು ಯಾವ ದೇವ್ರಿಗೆ ಬೇಕಾದ್ರೂ ಕೈಮುಗೀಬಹುದು, ಮುಗೀದೇನೂ ಇರಬಹುದು. ಊರು ಸುಮ್ಮನಿರಲಿಲ್ಲ, ಬೈದ್ರು, ಎರಡು ತಿಂಗಳು ಹೋಟ್ಲಾಗೆ ಚಾ ಕೊಡಲಿಲ್ಲ. ಆದ್ರೆ ಸರಕಾರದ ಸೀಲ್ ನನ್ನ ಜೇಬಿನಾಗಿತ್ತು."

ಗಿರಿಜಮ್ಮ ತಮಗೇ ಚಪ್ಪಾಳೆ ಬಿದ್ದಂತೆ ತಲೆಯೆತ್ತಿ ಕುಳಿತಿದ್ದರು. ಆಗ ಅಪ್ಪ ನನ್ನ ಕಡೆ ತಿರುಗಿದ.

"ಈಗ ಹೇಳೋದನ್ನ ಒಂದು ಮಾತೂ ಬಿಡದೇ ಹೇಳಬೇಕು," ಎಂದ. "ಸರಕಾರ ನನಗೆ ಅಡ್ಡ ಬರಲಿಲ್ಲ. ಮನೆಯಾಗೆ ನಾನೇ ಅಡ್ಡ ಬಂದೆ. ನನ್ನ ಹೆಂಡ್ತಿ ಉಚ್ಚಂಗಮ್ಮನ್ನ ನಂಬಿದಾಕಿ. ಆಕಿ ದೇವ್ರನ್ನ ಗೂಡಿನಿಂದ ತೆಗೆದು ತವರಿಗೆ ಕಳಿಸಿದೆ. ಆಕಿನ್ನ ಕೇಳಲಿಲ್ಲ. ವರ್ಷಕ್ಕೊಂದು ಸಾರಿ ಅಲ್ಲಿಗೆ ಹೋಗಿ ಅತ್ತು ಬರ್ತಿದ್ಲು. ಹಂಗೇ ತೀರಿಕೊಂಡ್ಲು."

ನಾನು ಹೇಳಿದೆ. ನನ್ನ ದನಿ ಯಾರದೋ ದನಿಯ ಹಾಗಿತ್ತು. ಅವ್ವನ ಅಳುವಿನ ವಿಷಯ ಅವನಿಗೆ ಗೊತ್ತಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

"ಈ ಮಗಳ್ನೂ ಕೇಳಲಿಲ್ಲ. ಇಸ್ಕೂಲಿನಾಗೆ ನಾನೇ ಬರೆಸಿದೆ. ಅದರಿಂದ ಬಾಳ ಕಷ್ಟಪಟ್ಲು. ಮೊನ್ನೆ ಆ ಗುಡಿ ಬಾಗಿಲಾಗೆ, ನಾನು ಹೊರಗಿದೀನಿ ಅಂತ ಇವಳೂ ಹೊರಗೇ ಉಳಿದ್ಲು. ಆಗ ನನಗೆ ತಿಳೀತು. ರತ್ನಾ, ಅವತ್ತು ಕೇಳಬೇಕಿತ್ತು, ಇವತ್ತು ಕೇಳ್ತೀನಿ. ನಿನಗೆ ಯಾವುದು ಬೇಕವ್ವ? ನೀನು ಏನಾದ್ರೂ ನನಗೆ ಸಿಟ್ಟಿಲ್ಲ."

ನಾನು ಹಿಂದಿಗೆ ಹೇಳಲಿಲ್ಲ. "ಏನಂದರು?" ಎಂದು ಗುರುಮಾ ಕೇಳಿದರು. ನಲವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ಅಪ್ಪ," ಎಂದೆ ಕನ್ನಡದಲ್ಲಿ. "ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕೋವಾಗ ಒಬ್ಬ ಗುಮಾಸ್ತ ಹೇಳಿದ, ಹಳೇ ಜಾತಿ ಸರ್ಟಿಫಿಕೇಟು ಹಚ್ಚು, ಯಾರು ನೋಡ್ತಾರೆ, ಈ ವರ್ಷವೇ ಕೆಲಸ ಆಗ್ತದೆ ಅಂತ. ಅದು ನನ್ನ ಚೀಲದಲ್ಲೇ ಇತ್ತು. ಆಫೀಸಿನ ಜಗಲಿಯಲ್ಲಿ ಒಂದು ಗಂಟೆ ಕೂತಿದ್ದೆ. ಆಮೇಲೆ ಧರ್ಮ ಅನ್ನೋ ಕಡೆ ಬೌದ್ಧ ಅಂತ ನನ್ನ ಕೈಯಾರೆ ಬರೆದೆ. ನಿನ್ನ ಮುಖ ನೋಡಿ ಅಲ್ಲ. ಅಷ್ಟರಲ್ಲಿ ನಾನೂ ಓದಿಕೊಂಡಿದ್ದೆ. ಹುಟ್ಟಿನಿಂದ ಯಾರೂ ದೊಡ್ಡವರಲ್ಲ ಅನ್ನೋ ಮಾತು ನನಗೂ ಹಿಡಿಸಿತ್ತು. ಎರಡು ವರ್ಷ ಕಾದು, ಮೀಸಲಾತಿ ಇಲ್ಲದೆ ಎಲ್ಲರ ಜೊತೆ ಕೆಲಸ ತಗೊಂಡೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಗೆದ್ದಂಗಾಗ್ತದೆ ಅಂತ. ನನಗೂ ಸಿಟ್ಟಿತ್ತಲ್ಲ."

ಅಪ್ಪ ನನ್ನ ಕಡೆಗೆ ಪೂರ್ತಿ ತಿರುಗಿ ಕುಳಿತ.

"ಅವ್ವನ ವಿಷಯ ಬೇರೆ," ಎಂದೆ. "ಅದಕ್ಕೆ ಕ್ಷಮೆ ನಾನು ಕೊಡಾಕೆ ಬರಲ್ಲ. ಅದು ಅವ್ವನೇ ಕೊಡಬೇಕಿತ್ತು."

"ಗೊತ್ತು," ಎಂದು ತಲೆಯಾಡಿಸಿದ. ಹೆಗಲ ಮೇಲಿನ ಟವೆಲಿನಿಂದ ಮುಖವನ್ನು ಒತ್ತಿ ಒರೆಸಿಕೊಂಡ. ಬಿಡಿಸಿದಾಗ ಆ ಮುಖದ ಮೇಲೆ ನಾನು ಎಂದೂ ಕಾಣದ ಬೆಳಕಿತ್ತು. ಕಂಬದ ಮುಂದೆಯೂ, ಬಸ್ಸಿನಲ್ಲಿ ಚಪ್ಪಾಳೆ ಬಿದ್ದಾಗಲೂ ಅದು ಇರಲಿಲ್ಲ.

"ಇದನ್ನ ಇವರಿಗೆ ಹೇಳವ್ವ," ಎಂದ. "ನನ್ನ ಮಾತಿನಂಗೆ ಕುಂತು ಹೇಳಬ್ಯಾಡ. ಎದ್ದು ನಿಂತು ಹೇಳು. ಹಿಂದಿರೋರಿಗೂ ಕೇಳಲಿ."

ಗಿರಿಜಮ್ಮ ನನ್ನ ಬೆನ್ನಿಗೆ ಕೈಕೊಟ್ಟರು. ನಾನು ಎದ್ದು ನಿಂತೆ.

"ನನ್ನ ಹೆಸರು ರತ್ನ," ಎಂದು ಹಿಂದಿಯಲ್ಲಿ ಶುರುಮಾಡಿದೆ. "ನಾನು ಬಿಳಿಚೋಡಿನವಳು. ನಾನು ಬೌದ್ಧಳು. ಇದು ನಾನೇ ಆರಿಸಿಕೊಂಡದ್ದು."